ಹನ್ನೊಂದು ಲಕೋಟೆ

ಅದು ಬಾಯಿ ತಪ್ಪಿ ಬಂದ ಮಾತಲ್ಲ. ಪುಟ್ಟಬಸಮ್ಮ ತಿಳಿದೇ ಆಡಿದ್ದಳು, ಸ್ವಲ್ಪ ಜಂಬದಿಂದಲೂ ಆಡಿದ್ದಳು. ಆ ಮಂಗಳವಾರದ ಬೆಳಗ್ಗೆಯನ್ನು ಆಮೇಲೆ ಎಷ್ಟು ಸಲ ತಿರುವಿ ಹಾಕಿದರೂ ಆ ಜಂಬವನ್ನು ಮಾತ್ರ ಅಲ್ಲಿಂದ ಕಿತ್ತೆಸೆಯಲು ಅವಳ ಕೈಲಾಗಲಿಲ್ಲ.

ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಸುದರ್ಶನ ಅವರ ಮನೆ. ಅದರ ಹಿತ್ತಲಲ್ಲಿ ಹಸಿರು ಬಲೆ ಹೊದಿಸಿದ ಒಂದು ಶೆಡ್ಡು. ಶೆಡ್ಡಿನೊಳಗೆ ಹದಿನಾಲ್ಕು ಕೋಶಗಳು ಕಡ್ಡಿಗಳಿಗೆ ಅಂಟಿಕೊಂಡಿದ್ದವು. ನೋಡಿದವರು ಮುದುಡಿದ ಒಣ ಎಲೆ ಎಂದುಕೊಳ್ಳಬೇಕು, ಹಾಗೆ. ಮುಟ್ಟಿದರೆ ಮಾತ್ರ ಒಳಗಿನಿಂದ ಬುಸ್ ಎಂದು ಸದ್ದು ಬರುತ್ತಿತ್ತು. ಆ ಮನೆಯವರು ‘ಹಕ್ಕಿರೆಕ್ಕೆ’ ಎಂದು ಕರೆಯುತ್ತಿದ್ದ ಚಿಟ್ಟೆಯ ಕೋಶಗಳು ಅವು. ನಮ್ಮ ರಾಜ್ಯದ ಚಿಟ್ಟೆ ಎಂದು ಸರ್ಕಾರ ಆರಿಸಿರುವುದು ಇದನ್ನೇ. ಅಂಗೈಯನ್ನು ಮೀರುವ ಅಗಲ, ಮುಂದಿನ ರೆಕ್ಕೆ ಕಾಡಿಗೆಗಪ್ಪು, ಹಿಂದಿನದು ಅರಿಸಿನ. ಘಟ್ಟದ ಸೀಮೆಯಲ್ಲಿ ಕಾಣುವಂಥದ್ದು; ಮೈಸೂರಿನ ಊರೊಳಗೆ ಬಂತೆಂದರೆ ಅದೇ ಒಂದು ಸುದ್ದಿ. ಅದರ ಹುಳು ಈಶ್ವರಿ ಬಳ್ಳಿಯ ಜಾತಿಯ ಸೊಪ್ಪು ಬಿಟ್ಟು ಬೇರೇನನ್ನೂ ಮೂಸುವುದಿಲ್ಲ. ಆ ಬಳ್ಳಿಯನ್ನೋ ಕೆಲವರು ಮದ್ದಿಗೆಂದು ಬೇರುಸಹಿತ ಕಿತ್ತರು, ಮಿಕ್ಕವರು ಕಳೆಯೆಂದು ಕಿತ್ತರು. ಸುದರ್ಶನ ಅವರು ನಿವೃತ್ತರಾದ ಮೇಲೆ ‘ರೆಕ್ಕೆ ಬಳಗ’ ಎಂಬ ಸಂಸ್ಥೆ ಕಟ್ಟಿ, ಜನರ ಕಾಂಪೌಂಡುಗಳಿಗೆ ಈಶ್ವರಿ ಬಳ್ಳಿ ಹಬ್ಬಿಸುವ, ಸಿಕ್ಕ ಮೊಟ್ಟೆಗಳನ್ನು ಇರುವೆ ಕಣಜಗಳ ಬಾಯಿಗೆ ಬೀಳದಂತೆ ಬಲೆಯೊಳಗೆ ಸಾಕಿ ಹೊರಗೆ ಬಿಡುವ ಕೆಲಸ ಹಿಡಿದಿದ್ದರು. ಅರಣ್ಯ ಇಲಾಖೆಯ ಅನುಮತಿಯೂ ಇತ್ತು.

ಮೊದಲ ಎರಡು ಸಲ ಹುಳುಗಳೆಲ್ಲ ಕರಗಿ ನೀರಾಗಿ ಸತ್ತವು. ಆಗ ಬಳಗದಲ್ಲಿ ಸಂಶೋಧನೆ ಮಾಡುತ್ತಿದ್ದ ಸಂಘಮಿತ್ರ ಎಂಬ ಹುಡುಗಿ, ಅಶೋಕಪುರಂನಲ್ಲಿ ತನ್ನ ಮನೆಯಿಂದ ನಾಲ್ಕನೇ ಮನೆಯವಳಾದ ಪುಟ್ಟಬಸಮ್ಮನನ್ನು ಕರೆತಂದಳು. ಪುಟ್ಟಬಸಮ್ಮ ಇಪ್ಪತ್ತೆರಡು ವರ್ಷ ರೇಷ್ಮೆಯ ಬಿತ್ತನೆ ಕೋಠಿಯಲ್ಲಿ ಕೂಲಿ ಮಾಡಿದ್ದವಳು. ಬಿತ್ತನೆ ಕೋಠಿಯೆಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ. ಗೂಡು ಕತ್ತರಿಸಿ ಕೋಶ ತೆಗೆಯುವುದು, ಕೋಶದ ಬಾಲ ನೋಡಿ ಗಂಡು ಹೆಣ್ಣು ಬೇರೆ ಮಾಡುವುದು, ಚಿಟ್ಟೆ ಹೊರಬಂದಾಗ ಜೋಡಿ ಕೂಡಿಸಿ ಹೊತ್ತಿಗೆ ಸರಿಯಾಗಿ ಬಿಡಿಸುವುದು ಅಲ್ಲಿ ಅವಳ ಕೆಲಸ. ಕೋಠಿ ಮುಚ್ಚಿ ಎಂಟು ವರ್ಷವಾಗಿತ್ತು.

ಬಂದ ಮೊದಲ ದಿನವೇ ಅವಳು ಹುಳುವಿನ ತಟ್ಟೆಗೆ ಮೂಗು ಕೊಟ್ಟು ಮುಖ ಕಿವುಚಿದಳು.

“ಏನವ್ವ ಇದು, ಒದ್ದೆ ಸೊಪ್ಪು ಹಾಕಿದ್ದೀರ. ಹುಳ ಭೇದಿ ಮಾಡ್ಕಂಡು ಸಾಯ್ದೆ ಇನ್ನೇನು ಮಾಡ್ತದೆ?”

“ತೊಳ್ದು ಹಾಕ್ತಿದ್ವಿ ದೊಡ್ಡವ್ವ, ಕ್ಲೀನಾಗಿರ್ಲಿ ಅಂತ,” ಎಂದಳು ಸಂಘಮಿತ್ರ.

“ನಿನ್ನ ಕ್ಲೀನಿಗೆ ಬೆಂಕಿ ಬೀಳ. ಒರ್ಸಿ ಆರ್ಸಿ ಹಾಕು. ಜ್ವರಕ್ಕೆ ಕೂತಿರೋವ್ನ ಮುಟ್ಬ್ಯಾಡ.”

ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಮಂಕಾಗಿ ಕೂರುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತಾರೆ. ಸಂಘಮಿತ್ರ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆ ಸಲ ಹದಿನೇಳು ಮೊಟ್ಟೆಗಳಲ್ಲಿ ಹದಿನಾಲ್ಕು ಕೋಶಕ್ಕೆ ಬಂದವು. ಸುದರ್ಶನ ಅವರು ಬಂದ ಅತಿಥಿಗಳನ್ನೆಲ್ಲ ಹಿತ್ತಲಿಗೆ ಕರೆತಂದು, “ಇವರೇ ನೋಡಿ ನಮ್ಮ ಪುಟ್ಟಬಸಮ್ಮನವರು, ಎಲ್ಲ ಇವರ ಕೈಗುಣ,” ಎನ್ನತೊಡಗಿದರು. ಕೋಠಿಯಲ್ಲಿ ಅವಳನ್ನು ‘ಏಯ್’ ಎಂದು ಕರೆದವರೇ ಎಲ್ಲ. ಆ ‘ಇವರು’ ಎಂಬ ಮಾತು ಅಶೋಕಪುರಂನ ಬಸ್ಸಿನಲ್ಲಿಯೂ ಅವಳ ಜೊತೆಗೇ ಕೂತು ಬರುತ್ತಿತ್ತು.

ಕಾರ್ಯಕ್ರಮ ನವೆಂಬರ್ ಹದಿನಾಲ್ಕು ಶುಕ್ರವಾರಕ್ಕೆ ಗೊತ್ತಾಗಿತ್ತು. ಮಕ್ಕಳ ದಿನ, ಸಾಲದ್ದಕ್ಕೆ ರಾಜ್ಯೋತ್ಸವದ ತಿಂಗಳು. ಕುವೆಂಪುನಗರದ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿ, ಶಾಲೆಯ ಮಕ್ಕಳನ್ನು ಕೂರಿಸಿ, ದೊಡ್ಡ ಅತಿಥಿಯೊಬ್ಬರ ಕೈಯಿಂದ ರಾಜ್ಯದ ಚಿಟ್ಟೆಯನ್ನು ಹಾರಿಬಿಡುವುದು. ಆದರೆ ಹನ್ನೊಂದನೇ ತಾರೀಖು ಮಂಗಳವಾರ ಬೆಳಗ್ಗೆಯೇ ಆರು ಕೋಶ ಬಿರಿದು ಆರು ಚಿಟ್ಟೆ ಹೊರಬಂದು ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ಕೂತಿದ್ದವು.

“ಅಯ್ಯೋ, ಶುಕ್ರವಾರದ ತನಕ ತಡೀಬಾರದಿತ್ತೇ ಇವು,” ಎಂದರು ಸುದರ್ಶನ.

“ಅವೇನು ಕ್ಯಾಲೆಂಡರ್ ನೋಡ್ತವಾ ಸಾರ್?”

ಅವರು ನಕ್ಕರು. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಕೇಳಿದರು: “ನಿಮ್ಮ ಕೋಠೀಲಿ ಗಂಡು ಮೊದಲು ಬಂದುಬಿಟ್ರೆ, ಹೆಣ್ಣು ಬರೋ ತನಕ ಏನು ಮಾಡ್ತಿದ್ರಿ?”

“ಫ್ರಿಜ್ಜಲ್ಲಿ ಮಡಗ್ತಿದ್ದೊ ಸಾರ್. ಈಚೆಗೆ ತಂದು ಒಸಿ ಶಾಖ ತಾಕ್ತು ಅಂದ್ರೆ ಎದ್ದು ಓಡಾಡ್ತವೆ, ಹೊಸ ಮದ್ವೆಗಂಡು ಇದ್ದಂಗೆ.”

ಸಂಘಮಿತ್ರ ಕಿಸಕ್ಕೆಂದಳು. ಸುದರ್ಶನ ನಗಲಿಲ್ಲ. “ಎಷ್ಟು ದಿನ ಇಡಬಹುದು?”

“ಮೂರು ದಿನ ಮಡಗಿದ್ರೂ ಏನೂ ಆಗಕಿಲ್ಲ. ನಾನೇ ಮಡಗಿವ್ನಿ.”

ಇಷ್ಟೇ ಮಾತು. ಒಬ್ಬ ಪ್ರೊಫೆಸರು ತನ್ನ ಬಾಯನ್ನೇ ನೋಡುತ್ತ ನಿಂತಿದ್ದಾರೆಂಬ ಸುಖಕ್ಕೆ ಅವಳು ಕೊನೆಯ ಮಾತನ್ನು ಸ್ವಲ್ಪ ಎಳೆದೇ ಹೇಳಿದ್ದಳು.

ಮಧ್ಯಾಹ್ನ ಅವರು ಕಾಗದದ ಲಕೋಟೆಗಳ ಕಟ್ಟು ಹಿಡಿದು ಬಂದರು. ಮೂಲೆಗೆ ಮೂಲೆ ಮಡಿಸಿ ಅವರೇ ಮಾಡಿದ ತ್ರಿಕೋನ ಲಕೋಟೆಗಳು. ರೆಕ್ಕೆಯ ಪುಡಿ ಉದುರದಂತೆ ಎರಡೇ ಬೆರಳಲ್ಲಿ ಹಿಡಿದು ಒಳಗೆ ಸರಿಸುವುದು ಆ ಮನೆಯಲ್ಲಿ ಅವಳೊಬ್ಬಳಿಗೇ ಬರುತ್ತಿದ್ದ ವಿದ್ಯೆ. ಆರನ್ನೂ ಅವಳೇ ತುಂಬಿದಳು. ಕೊನೆಯದೊಂದು ಅವಳ ಹೆಬ್ಬೆರಳನ್ನು ಕಾಲಿನಿಂದ ಗಟ್ಟಿಯಾಗಿ ಹಿಡಿದುಕೊಂಡು ಬಿಡಲೊಲ್ಲದು. ರೇಷ್ಮೆ ಚಿಟ್ಟೆಯ ಕಾಲಿಗೆ ಇಷ್ಟು ಕಸುವು ಎಂದೂ ಇರಲಿಲ್ಲ. ಅದು ಅವಳ ಗಮನಕ್ಕೆ ಬಂತು. ಬಂದರೂ ಸುಮ್ಮನಿದ್ದಳು. ಬುಧವಾರ ಇನ್ನೂ ಐದು ಬಂದವು, ಅವನ್ನೂ ತುಂಬಿದಳು. ಹನ್ನೊಂದು ಲಕೋಟೆಗಳು ಸ್ಟೀಲಿನ ಡಬ್ಬಿಯೊಂದರಲ್ಲಿ ಕೂತು ಅಡುಗೆಮನೆಯ ಫ್ರಿಜ್ಜು ಸೇರಿದವು. ಶೆಡ್ಡಿನಲ್ಲಿ ಉಳಿದದ್ದು ಮೂರು ಕೋಶ.

ಗುರುವಾರ ಬೆಳಗ್ಗೆ ತಟ್ಟೆ ತೊಳೆಯಲು ಬಿಸಿನೀರು ಕೇಳುವ ನೆಪದಲ್ಲಿ ಪುಟ್ಟಬಸಮ್ಮ ಅಡುಗೆಮನೆಯ ಹಿಂಬಾಗಿಲಿಗೆ ಬಂದಳು. ಸುದರ್ಶನ ಅವರ ಹೆಂಡತಿ ಅಂಬುಜಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು.

“ನೋಡು ನನ್ನ ಗ್ರಹಚಾರ,” ಎಂದರು. “ಮೊಸರಿನ ಪಕ್ಕ ಹುಳು, ಹುಳುವಿನ ಪಕ್ಕ ದೋಸೆ ಹಿಟ್ಟು. ಈ ಮನುಷ್ಯನ್ನ ಕಟ್ಟಿಕೊಂಡು ನಲವತ್ತು ವರ್ಷವಾಯಿತು, ಮನೇಲಿ ಚಿಟ್ಟೆ ಇಲ್ಲದ ಜಾಗ ಅಂದರೆ ಈ ಫ್ರಿಜ್ಜೊಂದೇ ಇತ್ತು.”

“ಒಂದ್ಸಲ ಡಬ್ಬಿ ತೆಗೀರವ್ವ, ನೋಡ್ಬುಡ್ತೀನಿ.”

ಅಂಬುಜಮ್ಮ ಫ್ರಿಜ್ಜಿನಿಂದ ಡಬ್ಬಿ ತೆಗೆದು ಕೊಟ್ಟರು. ಪುಟ್ಟಬಸಮ್ಮ ಒಂದು ಲಕೋಟೆಯ ಮಡಿಕೆ ಬಿಚ್ಚಿ ಒಳಗಿನದಕ್ಕೆ ಬಾಯಿಯ ಹಬೆ ಊದಿದಳು. ಕೋಠಿಯಲ್ಲಾದರೆ ಅಷ್ಟಕ್ಕೇ ಮೀಸೆ ಅಲುಗುತ್ತಿತ್ತು. ಇದರದ್ದು ಅಲುಗಲಿಲ್ಲ. ಇನ್ನೊಮ್ಮೆ ಊದಿದಳು. ಎಷ್ಟೋ ಹೊತ್ತಿನ ಮೇಲೆ ಒಂದೇ ಒಂದು ಕಾಲು ಮಡಿಸಿಕೊಂಡಿತು, ಅಷ್ಟೇ. ಅವಳು ಲಕೋಟೆ ಮಡಿಸಿಟ್ಟಳು. ಡಬ್ಬಿ ಹಿಡಿದುಕೊಂಡೇ, ಎಂದೂ ಕಾಲಿಡದ ನಡುಮನೆ ದಾಟಿ ಸುದರ್ಶನ ಅವರ ಓದುವ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

“ಸಾರ್, ಇವನ್ನ ಈಚೆಗೆ ತೆಗೀಬೇಕು. ಈಗ್ಲೇ ಬಿಸ್ಲಿಗೆ ಬುಡ್ಬೇಕು.”

“ಯಾಕೆ? ನೀವೇ ಹೇಳಿದ್ರಲ್ಲ, ಮೂರು ದಿನ ಅಂತ.”

“ಹೇಳಿದ್ದು ರೇಷ್ಮೆ ಚಿಟ್ಟೆ ವಿಷ್ಯ ಸಾರ್. ಅದಕ್ಕೆ ಬಾಯೇ ಇಲ್ಲ, ಹಾರಕ್ಕೂ ಬರಕಿಲ್ಲ. ಇದು ಹಂಗಲ್ಲ. ಇದಕ್ಕೆ ಹಸಿವಾಯ್ತದೆ. ನಂಗೆ ಅವತ್ತು ಹೊಳೀಲಿಲ್ಲ.”

ಸುದರ್ಶನ ಕನ್ನಡಕ ತೆಗೆದು ಒರೆಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಮೆಲ್ಲಗೆ, ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವಂತೆ ಹೇಳಿದರು: “ಪುಟ್ಟಬಸಮ್ಮ, ಇನ್ನು ಒಂದೇ ದಿನ. ಆಮಂತ್ರಣ ಪತ್ರಿಕೆ ಹಂಚಿ ಆಗಿದೆ. ಕೀಟಗಳ ಜೀವ ಗಟ್ಟಿ, ನಿಧಾನವಾಗಿರ್ತಾವೆ ಅಷ್ಟೆ. ಸಾಯಂಕಾಲ ನಾನೇ ಒಂದು ಸಲ ನೋಡ್ತೀನಿ. ನೀವು ತಲೆ ಕೆಡಿಸ್ಕೋಬೇಡಿ.”

ಮೂರು ದಿನ ಎಂದವಳು ತಾನೇ ಅಲ್ಲವೆ? ಡಬ್ಬಿಯನ್ನು ಅವರ ಮೇಜಿನ ಮೇಲೆ ಇಟ್ಟು ಬಂದಳು. ಸಂಜೆ ಬಸ್ಸು ಹತ್ತುವ ಮುನ್ನ ಮತ್ತೊಮ್ಮೆ ಕೇಳಿದಳು. “ನೋಡಿದೆ, ಎಲ್ಲ ಸರಿಯಾಗಿದೆ,” ಎಂದರು ಅವರು.

ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದು ಕಳೆದ ಮೇಲೇ ಕಾರಿಳಿಯುವುದಾಗಿ ಅತಿಥಿಯ ಕಡೆಯವರು ಫೋನು ಮಾಡಿದರು. ಕುವೆಂಪುನಗರದ ಪಾರ್ಕಿನಲ್ಲಿ ಬಿಳಿ ಷರ್ಟಿನ ಮಕ್ಕಳು ಒಂಬತ್ತು ಗಂಟೆಯಿಂದ ಶಾಮಿಯಾನದ ಹೊರಗೆ ಬಿಸಿಲಲ್ಲಿ ಕೂತಿದ್ದವು. ಸಂಘಮಿತ್ರ ಡಬ್ಬಿಯನ್ನು ಮಂಜುಗಡ್ಡೆಯ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹನ್ನೆರಡೂಕಾಲಿಗೆ ಅತಿಥಿ ಬಂದರು, ನಾಡಗೀತೆಯಾಯಿತು, ಭಾಷಣಗಳಾದವು. ಆಮೇಲೆ ವೇದಿಕೆಯ ಮೇಲಿದ್ದವರಿಗೆ ಒಂದೊಂದು ಲಕೋಟೆ, ಮುಂದಿನ ಸಾಲಿನ ಐದು ಮಕ್ಕಳಿಗೆ ಒಂದೊಂದು. ಎಲ್ಲರೂ ಒಟ್ಟಿಗೆ ಬಿಚ್ಚಿದರು.

ಅಂಗೈಗೆ ಬಿದ್ದವು ಚಿಟ್ಟೆಗಳು, ಮಡಿಸಿದ ರೆಕ್ಕೆ ಮಡಿಸಿದಂತೆಯೇ. ಮಕ್ಕಳು ಚಪ್ಪಾಳೆ ಹೊಡೆದವು. ಹೊಡೆಯಿರಿ ಎಂದು ಹೇಳಿಕೊಟ್ಟಿದ್ದರು.

“ಮೇಲಕ್ಕೆ ಹಾರಿಸಿ ಸಾರ್, ಸ್ವಲ್ಪ ಎತ್ತರಕ್ಕೆ,” ಎಂದ ಕ್ಯಾಮೆರಾದವನು. ಅತಿಥಿ ಹೂವು ಎರಚಿದಂತೆ ಎರಚಿದರು. ಅದು ಗಿರಿಗಿರಿ ತಿರುಗಿ ಅವರ ಬೂಟಿನ ಪಕ್ಕ ಬಿತ್ತು. “ಇನ್ನೊಂದ್ಸಲ ಸಾರ್,” ಎಂದ ಅವನು, ಅವರು ಎತ್ತಿಕೊಂಡು ಇನ್ನೊಂದು ಸಲ ಎರಚಿದರು. ಫೋಟೋ ಆಯಿತು. ಹನ್ನೊಂದರಲ್ಲಿ ಎರಡು ಮಾತ್ರ ತಟಪಟ ಬಡಿದುಕೊಂಡು ಹಿಂದಿನ ಬೇಲಿಯ ತನಕ ಹೋದವು. ಅಲ್ಲಿಂದಾಚೆಗೆ ಏನಾದವೋ ಯಾರೂ ನೋಡಲಿಲ್ಲ. ಮುಂದಿನ ಸಾಲಿನ ಒಂದು ಹೆಣ್ಣುಮಗು ಅಂಗೈ ಮುಂದೆ ಚಾಚಿಕೊಂಡೇ ಕೂತಿತ್ತು. ಪಕ್ಕದಲ್ಲಿ ನಿಂತಿದ್ದ ಪುಟ್ಟಬಸಮ್ಮನನ್ನು ಕೇಳಿತು: “ಅಜ್ಜಿ, ಇದು ಮಲ್ಕೊಂಡಿದ್ಯಾ?”

ಪುಟ್ಟಬಸಮ್ಮ ಉತ್ತರ ಕೊಡುವ ಮೊದಲೇ ಮೈಕಿನಲ್ಲಿ ಅವಳ ಹೆಸರು ಕೂಗಿದರು. ರೆಕ್ಕೆ ಬಳಗದ ಹಿರಿಯ ತಾಯಿ, ನಮ್ಮ ನಾಡಿನ ರೇಷ್ಮೆಯ ಪರಂಪರೆ, ಇನ್ನೂ ಏನೇನೋ. ಯಾರೋ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಹೆಗಲಿಗೆ ಶಾಲು ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಜನ ಕರಗಿದ ಮೇಲೆ ಅವಳು ಅದೇ ಶಾಲಿನ ಮಡಿಲಿಗೆ ಹುಲ್ಲಿನ ಮೇಲೆ, ಕುರ್ಚಿಯ ಕೆಳಗೆ, ಚಪ್ಪಲಿಗಳ ನಡುವೆ ಬಿದ್ದಿದ್ದ ಒಂಬತ್ತನ್ನೂ ಒಂದೊಂದಾಗಿ ಆರಿಸಿದಳು. ಸುದರ್ಶನ ಅವರು ಹತ್ತಿರ ಬಂದು, “ಕೊಡಿ, ನಾನು ತಗೊಂಡು ಹೋಗ್ತೀನಿ,” ಎಂದು ಲಕೋಟೆಗಳಿಗೆ ಮತ್ತೆ ತುಂಬಿಕೊಂಡರು. ಮಣ್ಣು ಮಾಡುತ್ತಾರೇನೋ ಎಂದುಕೊಂಡಳು ಅವಳು.

ಶನಿವಾರದ ಪೇಪರಿನಲ್ಲಿ ಫೋಟೋ ಬಂತು. ಪುಟ್ಟಬಸಮ್ಮ ಅಕ್ಷರಕ್ಕೆ ಬೆರಳಿಟ್ಟು ನಿಧಾನವಾಗಿ ಓದಿದಳು: ‘ಹನ್ನೊಂದು ಅಪರೂಪದ ಚಿಟ್ಟೆಗಳಿಗೆ ಸ್ವಾತಂತ್ರ್ಯ.’ ಓದಿ, ತಾನೇ ತಪ್ಪಾಗಿ ಓದಿದೆನೇನೋ ಎಂದು ಮತ್ತೊಮ್ಮೆ ಓದಿದಳು.

ಆ ದಿನ ಸುದರ್ಶನ ಅವರೇ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

“ನೋಡಿ ಪುಟ್ಟಬಸಮ್ಮ, ಆದದ್ದು ಆಗಿಹೋಯಿತು. ನಿಮ್ಮ ಮಾತು ನಂಬಿ ಇಟ್ಟದ್ದು, ನಿಜ. ಆದರೆ ನಾನು ಅದನ್ನ ಎಲ್ಲೂ ಹೇಳೋದಿಲ್ಲ. ನಿಮ್ಮ ಮರ್ಯಾದೆ ನನಗೆ ಮುಖ್ಯ. ನೀವೂ ಯಾರ ಹತ್ರಾನೂ ಮಾತಾಡಬೇಡಿ.”

ಅವಳು ತಲೆ ತಗ್ಗಿಸಿದಳು.

“ಮತ್ತೆ, ಆ ಮೂರು ಉಳಿದಿವೆಯಲ್ಲ. ಟೀವಿಯವರು ಕೇಳ್ತಿದ್ದಾರೆ. ಮುಂದಿನ ಭಾನುವಾರ ಚಿಕ್ಕದಾಗಿ ಮಾಡೋಣ. ಈ ಸಲ ಮೂರು ದಿನ ಬೇಡ. ಎರಡೇ ದಿನ.”

ಅವಳು ತಲೆ ಎತ್ತಿದಳು. ಅವರು ಆಗಲೇ ಎದ್ದು ಹೋಗುತ್ತಿದ್ದರು.

ಭಾನುವಾರ ಇಡೀ ದಿನ ಪುಟ್ಟಬಸಮ್ಮನಿಗೆ ಅನ್ನ ಸೇರಲಿಲ್ಲ. ಆ ಮೂರನ್ನು ಉಳಿಸಬೇಕಾದರೆ ಬಾಯಿ ಬಿಡಬೇಕು. ಬಿಟ್ಟರೆ ಮೊದಲು ಹೊರಬೀಳುವುದು ತನ್ನದೇ ತಪ್ಪು. ಪ್ರೊಫೆಸರ ಮಾತು ಎಷ್ಟು ಮೃದುವಾಗಿತ್ತೆಂದರೆ ಅದರೊಳಗಿನ ಹಗ್ಗ ತನ್ನ ಕುತ್ತಿಗೆಗೆ ಬಿದ್ದದ್ದು ಅವಳಿಗೆ ಮನೆಗೆ ಬಂದ ಮೇಲೇ ಗೊತ್ತಾದದ್ದು.

ಸೋಮವಾರ ಓದುವ ಕೋಣೆ ಗುಡಿಸುವ ಹೆಂಗಸು ಬರಲಿಲ್ಲವೆಂದು ಅಂಬುಜಮ್ಮ ಅವಳನ್ನೇ ಕರೆದರು. ಮೇಜಿನ ಮೇಲೆ ಬಿಳಿ ಹಲಗೆ. ಹಲಗೆಯ ಮೇಲೆ ಒಂಬತ್ತೂ ಇದ್ದವು. ಮಣ್ಣಾಗಿರಲಿಲ್ಲ. ಎದೆಗೆ ಸೂಜಿ ಚುಚ್ಚಿ, ರೆಕ್ಕೆಗಳನ್ನು ಹಿಗ್ಗಿಸಿ, ಕಾಗದದ ಪಟ್ಟಿ ಅಡ್ಡ ಕಟ್ಟಿ ಒಣಗಲಿಟ್ಟಿದ್ದರು. ಎಷ್ಟು ಅಂದವಾಗಿ ಚಾಚಿದ್ದರೆಂದರೆ ಕಿಟಕಿ ತೆರೆದರೆ ಹಾರಿಹೋಗುತ್ತವೆ ಎನ್ನಬೇಕು. ಒಂದೊಂದರ ಕೆಳಗೂ ಬೆರಳಗಲದ ಚೀಟಿ, ಇಂಗ್ಲಿಷಿನಲ್ಲಿ ಸಣ್ಣಗೆ ಬರೆದದ್ದು. ಅಕ್ಷರ ಅವಳಿಗೆ ತಿಳಿಯಲಿಲ್ಲ. ಅಂಕಿ ತಿಳಿಯಿತು. ಮೊದಲ ಸಾಲಿನಲ್ಲಿ ಕೆಲವಕ್ಕೆ 11-11, ಕೆಲವಕ್ಕೆ 12-11. ಅದು ಹುಟ್ಟಿದ ದಿನ. ಆ ದಿನ ಅವಳೇ ಇದ್ದಳು. ಎರಡನೇ ಸಾಲಿನಲ್ಲಿ 13-11; ಹಾಗಾದರೆ ಅದು ಸತ್ತ ದಿನ. ಎರಡು ಚೀಟಿಗಳಲ್ಲಿ ಮಾತ್ರ 14-11, ಉಳಿದ ಏಳರಲ್ಲೂ 13-11.

ಪೊರಕೆ ಹಿಡಿದೇ ಅವಳು ಬೆರಳು ಮಡಿಸಿ ಎಣಿಸಿದಳು. ಹದಿಮೂರು, ಗುರುವಾರ. ‘ನೋಡಿದೆ, ಎಲ್ಲ ಸರಿಯಾಗಿದೆ’ ಎಂದ ಸಂಜೆ. ಏಳು ಸತ್ತಿರುವುದನ್ನು ಕಣ್ಣಾರೆ ನೋಡಿ, ತಾರೀಖನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಹೆಣಗಳನ್ನು ಮತ್ತೆ ಡಬ್ಬಿಗೆ ತುಂಬಿ ಮಾರನೆಯ ದಿನ ಮಕ್ಕಳ ಕೈಗೆ ಕೊಟ್ಟಿದ್ದರು. ಅವಳಿಗೆ ಕಾಲಿನಿಂದ ಮೇಲಕ್ಕೆ ಸಿಟ್ಟು ಏರಿತು. ಗಂಡ ಕುಡಿದು ಹೊಡೆಯುತ್ತಿದ್ದ ಕಾಲದಲ್ಲೂ, ಕೋಠಿಯವರು ಒಂದು ಮಾತು ಹೇಳದೆ ಬೀಗ ಹಾಕಿಕೊಂಡು ಹೋದಾಗಲೂ ಬಾರದಿದ್ದಂಥ ಸಿಟ್ಟು. ಕೋಣೆಯನ್ನು ಅರ್ಧಕ್ಕೆ ಬಿಟ್ಟು ಹೊರಬಂದಳು.

ಹಿತ್ತಲಲ್ಲಿ ಸಂಘಮಿತ್ರ ಸಿಕ್ಕಳು.

“ನಿಂಗೆ ಗೊತ್ತಿತ್ತಾ?”

ಸಂಘಮಿತ್ರ ಏನು ಎಂದು ಕೇಳಲಿಲ್ಲ. “ಡಬ್ಬಿಯೊಳಗೆ ಒಂದು ಚೂರು ಸದ್ದಿರ್ಲಿಲ್ಲ ದೊಡ್ಡವ್ವ. ಹೋಗ್ತಾ ಆಟೋದಲ್ಲೇ ಅನ್ನಿಸ್ತು. ಕೇಳೋಕೆ ಧೈರ್ಯ ಬರ್ಲಿಲ್ಲ. ಇನ್ನು ನಾಲ್ಕು ತಿಂಗಳಿಗೆ ನನ್ನ ಥೀಸಿಸ್‌ಗೆ ಅವರ ಸಹಿ ಆಗ್ಬೇಕು.”

“ಸತ್ತಿರೋದ್ನ ಬದುಕದೆ ಅಂತ ಬರ್ದು ತಗೊಳ್ಳೋ ಓದು ಯಾವ ಓದವ್ವ ಅದು? ನಿಮ್ಮಪ್ಪ ಸೈಕಲ್ ತುಳ್ದು ನಿನ್ನ ಓದ್ಸಿದ್ದು ಇದಕ್ಕಾ?”

ಹುಡುಗಿಯ ಕಣ್ಣು ತುಂಬಿತು. ಪುಟ್ಟಬಸಮ್ಮನಿಗೆ ಕನಿಕರ ಬರಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಅರಣ್ಯ ಇಲಾಖೆಯ ಬೀರೇಶ್ ಬಂದ. ಬಿಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದುಕೊಂಡು ಹೋಗಿ ಅನುಮತಿಯನ್ನು ಮುಂದಿನ ವರ್ಷಕ್ಕೂ ಮುಂದುವರಿಸಬೇಕಿತ್ತು. ಜಗುಲಿಯಲ್ಲಿ ಕುರ್ಚಿ ಹಾಕಿ ಅಂಬುಜಮ್ಮ ಕಾಫಿ ಕೊಟ್ಟರು. ಸಂಘಮಿತ್ರ ಫೈಲು ಹಿಡಿದು ಕಂಬಕ್ಕೆ ಆತುಕೊಂಡಿದ್ದಳು.

“ಬಿಟ್ಟಿದ್ದು ಹನ್ನೊಂದು, ಅಲ್ವಾ ಸಾರ್?” ಎಂದು ಬೀರೇಶ್ ಪೆನ್ನು ತೆಗೆದ.

“ಹನ್ನೊಂದು.”

ಪುಟ್ಟಬಸಮ್ಮ ಹಿತ್ತಲ ಕಡೆಯಿಂದ ಬಂದು ಜಗುಲಿಯ ಮೆಟ್ಟಿಲ ಕೆಳಗೆ ನಿಂತಳು. “ಸಾಹೇಬ್ರೆ, ಅದನ್ನ ಬರ್ಕಬ್ಯಾಡಿ. ಹನ್ನೊಂದರಾಗೆ ಒಂಬತ್ತು ಸತ್ತವೆ.”

“ಪುಟ್ಟಬಸಮ್ಮ, ಆಮೇಲೆ ಮಾತಾಡೋಣ,” ಎಂದರು ಸುದರ್ಶನ.

“ಆಮೇಲೆ, ನಾಳೆ, ಸಂಜೆ ನೋಡ್ತೀನಿ ಅಂದು ಅಂದೇ ಅವು ಸತ್ತಿದ್ದು ಸಾರ್.”

ಬೀರೇಶ್ ಇಬ್ಬರ ಮುಖವನ್ನೂ ನೋಡಿದ. ಸುದರ್ಶನ ನಿಟ್ಟುಸಿರು ಬಿಟ್ಟು ಬೀರೇಶನ ಕಡೆ ಬಾಗಿದರು. “ನಾನು ಹೇಳಬಾರದು ಅಂತಿದ್ದೆ ಬೀರೇಶ್. ಸ್ವಲ್ಪ ನಷ್ಟ ಆಗಿದೆ. ಫ್ರಿಜ್ಜಿನಲ್ಲಿ ಇಡಬಹುದು ಅಂತ ಇವರೇ ಸಲಹೆ ಕೊಟ್ಟರು. ರೇಷ್ಮೆ ಕೆಲಸದ ಅನುಭವ ಇದೆಯಲ್ಲ ಅಂತ ನಂಬಿದೆ. ಪಾಪ, ಅವರಿಗೆ ತಿಳೀಲಿಲ್ಲ.”

ಬಂತು ನೋಡಿ ಆ ಮಾತು. ಭಾನುವಾರ ಇಡೀ ದಿನ ಅವಳು ಹೆದರಿಕೊಂಡು ಕೂತದ್ದು ಇದಕ್ಕೇ. ಬಂದ ಮೇಲೆ ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ.

“ಹೂಂ ಸಾಹೇಬ್ರೆ, ನಾನೇ ಹೇಳಿದ್ದು. ದೊಡ್ಡೋರು ಕೇಳಿದ್ರಲ್ಲ ಅಂತ ಜಂಬಕ್ಕೆ ಹೇಳ್ದೆ. ಈ ಬೆರಳಲ್ಲೇ ಲಕೋಟೆಗೆ ತುಂಬ್ದೆ. ಬರ್ಕಳಿ, ಪುಟ್ಟಬಸಮ್ಮ, ಅಶೋಕಪುರಂ. ಗುರ್ವಾರ ಬೆಳಿಗ್ಗೆ ಈಚೆಗೆ ತೆಗೀರಿ ಅಂತ ಅದೇ ಬಾಯಲ್ಲಿ ಹೇಳ್ದೆ. ಅದನ್ನೂ ಬರ್ಕಳಿ.”

“ಸುಮ್ನಿರಮ್ಮ ಒಂದ್ನಿಮಿಷ,” ಎಂದ ಬೀರೇಶ್. ಅವನಿಗೆ ಬೇಗ ಮುಗಿಸಿ ಹೋಗಬೇಕಿತ್ತು. “ಸಾರ್ ದೊಡ್ಡ ವಿದ್ವಾಂಸರು. ‘ಕೆಲವು ಹಾನಿ’ ಅಂತ ಹಾಕ್ಕೊಳ್ತೀನಿ. ಸತ್ತಿದ್ದು ಯಾವಾಗ, ಬಿಟ್ಟ ಮೇಲೋ ಮುಂಚೆಯೋ, ಅದಕ್ಕೆಲ್ಲ ಈಗ ಸಾಕ್ಷಿ ಎಲ್ಲಿಂದ ತರೋದು?”

“ಸಾರ್‌ ಅವರೇ ಬರ್ದವ್ರೆ. ಒಳಗದೆ, ಬನ್ನಿ.”

ಯಾರೂ ಏಳಲಿಲ್ಲ. ಒಲೆಯ ಮೇಲಿನ ಕುಕ್ಕರು ಕೂಗಿತು. ಆಗ ಸಂಘಮಿತ್ರ ಕಂಬ ಬಿಟ್ಟು ಒಳಗೆ ಹೋದಳು. ಹೋದವಳು ಬಿಳಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬೀರೇಶನ ಮುಂದಿನ ಸ್ಟೂಲಿನ ಮೇಲೆ, ಕಾಫಿ ಲೋಟದ ಪಕ್ಕ ಇಟ್ಟಳು. ಬೀರೇಶ್ ಬಾಗಿ ಚೀಟಿಗಳನ್ನು ಒಂದೊಂದಾಗಿ ಓದಿದ.

“ಸಾರ್, ಇಲ್ಲಿ ಏಳಕ್ಕೆ ಹದಿಮೂರು ಅಂತ ಇದೆ. ಫಂಕ್ಷನ್ ಹದಿನಾಲ್ಕಲ್ವಾ?”

ಸುದರ್ಶನ ಅವರು ಚಿಟ್ಟೆಗಳನ್ನೇ ನೋಡುತ್ತಿದ್ದರು. “ಸ್ಪೆಸಿಮೆನ್ ಲೇಬಲ್‌ನಲ್ಲಿ ಸುಳ್ಳು ತಾರೀಖು ಹಾಕೋಕಾಗಲ್ಲ ಕಣ್ರೀ,” ಎಂದರು ಕೊನೆಗೆ. “ಐವತ್ತು ವರ್ಷದಲ್ಲಿ ಒಂದು ಲೇಬಲ್ ಸುಳ್ಳು ಬರೆದವನಲ್ಲ ನಾನು.”

“ಮಕ್ಕಳ ಕೈಗೆ ಹೆಣ ಕೊಡ್ಬೌದಾ ಸಾರ್?” ಎಂದಳು ಪುಟ್ಟಬಸಮ್ಮ. ಅವಳ ದನಿ ಏರಿರಲಿಲ್ಲ. “ಪೇಪರ್‌ನೋರಿಗೆ ಹನ್ನೊಂದು ಹಾರೋದ್ವು ಅನ್ಬೌದಾ? ನನ್ನ ಮರ್ವಾದೆ ಕಾಪಾಡ್ತೀನಿ ಅಂತ ಬಂದು ಸ್ಟೂಲ್ ಮೇಲೆ ಕೂತ್ರಲ್ಲ, ಅವತ್ತು ನಿಮ್ಮ ಜೇಬಲ್ಲಿತ್ತಲ್ಲ ಈ ತಾರೀಕು. ನನ್ನ ತೆಪ್ಪು ನಂಗೆ ಗೊತ್ತಾಗಿದ್ದು ಗುರ್ವಾರ ಬೆಳಿಗ್ಗೆ. ನಿಮ್ಗೆ ಗೊತ್ತಾಗಿದ್ದು ಗುರ್ವಾರ ಸಂಜೆ. ನಾನು ತೆಗೀರಿ ಅಂದೆ. ನೀವು ಮುಚ್ಚಳ ಮುಚ್ಚಿದ್ರಿ.”

ಅಂಬುಜಮ್ಮ ಬಾಗಿಲಲ್ಲಿ ನಿಂತಿದ್ದವರು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗಂಡನ ಕಡೆ ನೋಡಿದರು. ಒಳಗೆ ಹೋಗಿ ಕುಕ್ಕರು ಆರಿಸಿದರು.

ಬೀರೇಶ್ ತಾನು ಬರೆದಿದ್ದ ಹನ್ನೊಂದನ್ನು ಹೊಡೆದು ಹಾಕಿದ. ಎರಡು ಎಂದು ಬರೆದ, ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟ. ಅನುಮತಿಯ ಕಾಗದವನ್ನು ಫೈಲಿನಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು, “ಇದನ್ನ ನಮ್ಮ ಸಾಹೇಬರೇ ನೋಡ್ಬೇಕು ಸಾರ್, ನನ್ನ ಕೈಲಿಲ್ಲ,” ಎಂದ. ಆ ಮೂರನ್ನೇನು ಮಾಡುವುದು ಎಂದು ಪುಟ್ಟಬಸಮ್ಮ ಕೇಳಿದಳು. ಬಂದಾಗ ಬಂದಲ್ಲೇ ಬಿಡಿ ಎಂದ. ಹಾಗಂತ ಬರೀರಿ ಎಂದಳು. ಅವನು ಬರೆಯುವ ತನಕ ಮೆಟ್ಟಿಲಿಂದ ಕದಲಲಿಲ್ಲ. ಬರೆದದ್ದಕ್ಕೆ ಸುದರ್ಶನ ಅವರು ಸಹಿ ಹಾಕಿದರು.

ಬೀರೇಶನ ಬೈಕು ಗೇಟು ದಾಟಿದ ಮೇಲೆ ಸುದರ್ಶನ ಅವರು ಅವಳತ್ತ ತಿರುಗದೆಯೇ, “ನಾಳೆಯಿಂದ ನೀವು ಬರೋದು ಬೇಡ,” ಎಂದರು.

“ಮೂರು ಈಚೆಗೆ ಬರ್ಲಿ ಸಾರ್. ಆಮೇಲೆ ನೀವು ಕರುದ್ರೂ ಬರಕಿಲ್ಲ.”

ಅವರು ಒಳಗೆ ಹೋದರು. ಅವಳು ಶೆಡ್ಡಿಗೆ ಹೋದಳು. ಬುಧವಾರ ಏಳಕ್ಕೇ ಬಂದು ಬಾಗಿಲಲ್ಲಿ ಕೂತಳು. ಗೇಟು ತೆಗೆದವಳು ಸಂಘಮಿತ್ರ. ಅಂದು ಎರಡು ಗಂಡು ಬಂದವು. ರೆಕ್ಕೆ ಆರುವ ತನಕ ಕಾದು ಪುಟ್ಟಬಸಮ್ಮ ಬಲೆಯ ಒಂದು ಪಕ್ಕವನ್ನು ಕತ್ತರಿಯಲ್ಲಿ ಮೇಲಿನಿಂದ ಕೆಳಗೆ ಸೀಳಿಬಿಟ್ಟಳು. ಗಂಟು ಬಿಚ್ಚುವಷ್ಟು ತಾಳ್ಮೆ ಅವಳಿಗೆ ಉಳಿದಿರಲಿಲ್ಲ. ಎರಡೂ ಅಲ್ಲಿಂದಲೇ ಹೊರಗೆ ಹಾರಿದವು. ಗುರುವಾರ ಕೊನೆಯದು ಬಂತು, ಹೆಣ್ಣು. ದೊಡ್ಡದು, ಅಂಗೈ ಎರಡು ಜೋಡಿಸಿದಷ್ಟು. ಒಂಬತ್ತೂವರೆಗೆ ಅದರ ಬೆನ್ನಿಗೆ ಬಿಸಿಲು ತಾಕಿತು. ಹತ್ತರ ಹೊತ್ತಿಗೆ ರೆಕ್ಕೆ ಬಿಚ್ಚಿ ಮುಚ್ಚಿ ಮಾಡಿತು. ಓದುವ ಕೋಣೆಯ ಕಿಟಕಿಯ ಪರದೆ ಸ್ವಲ್ಪ ಸರಿದದ್ದು ಪುಟ್ಟಬಸಮ್ಮನಿಗೆ ಕಂಡಿತು. ಆ ಮನುಷ್ಯನಿಗೂ ಚಿಟ್ಟೆಯ ಮೇಲೆ ಆಸೆ ಇತ್ತೆಂಬುದು ಅವಳಿಗೆ ಗೊತ್ತು. ಅದಕ್ಕೇ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು. ಏನೂ ಗೊತ್ತಿಲ್ಲದವರು ಮಾಡಿದ್ದರೆ ಬಿಡಬಹುದಿತ್ತು.

ಹತ್ತೂಕಾಲಿಗೆ ಚಿಟ್ಟೆ ಎದ್ದಿತು. ಸೀಳಿದ ಬಲೆಯಿಂದ ಹೊರಬಿದ್ದು, ಬಟ್ಟೆ ಒಣಗುವ ತಂತಿಯ ಮೇಲಿಂದ, ಪಕ್ಕದ ಮನೆಯ ನುಗ್ಗೆಮರದ ಎತ್ತರಕ್ಕೆ ಏರಿತು. ಅಲ್ಲಿ ಒಂದು ಸುತ್ತು ಹೊಡೆದು ತೆಂಕಲ ಕಡೆ ಹೋಯಿತು. ಸಂಘಮಿತ್ರ ಫೋನು ತೆಗೆಯಲಿಲ್ಲ.

“ತಪ್ಪಾಯ್ತು ದೊಡ್ಡವ್ವ,” ಎಂದಳು.

“ನನ್ನನ್ಯಾಕೆ ಕೇಳ್ತೀಯ? ನಾನೂ ಕೇಳ್ಬೇಕು ಅಂದ್ರೆ ಕೇಳಕ್ಕೆ ಆ ಒಂಬತ್ರಾಗೆ ಒಂದೂ ಉಳೀಲಿಲ್ಲ.”

ಪುಟ್ಟಬಸಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಶೆಡ್ಡಿನ ಬೀಗದ ಕೈಯನ್ನು ಹುಡುಗಿಯ ಅಂಗೈಗೆ ಇಟ್ಟು, ಸೆರಗು ಕೊಡವಿ ಎದ್ದಳು. ಗೇಟಿನ ತನಕ ಬಂದವಳು ತಿರುಗಿ ನಿಂತಳು.

“ನೋಡವ್ವ, ಸಿಕ್ಕಿದೋರು ಕೇಳ್ತಾರೆ ನಿನ್ನ, ಮೂರು ಬದುಕ್ಕಂಡ್ವಲ್ಲ, ಸಂತೋಸನಾ ಅಂತ. ಸಂತೋಸ ಅಂತ ಮಾತ್ರ ಹೇಳ್ಬುಡ್ಬ್ಯಾಡ. ಒಂಬತ್ತು ಅಂತ ಹೇಳು. ಹೆಂಗೆ ಸತ್ವು ಅಂತ ಕೇಳಿದ್ರೆ ನನ್ನ ಹೆಸ್ರು ಹೇಳು, ಅವರ ಹೆಸ್ರೂ ಹೇಳು, ಆಮೇಲೆ ನಿಂದೂ ಹೇಳು.”

ಅಶೋಕಪುರಂ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವಳು ಸ್ಟಾಪಿನಲ್ಲಿ ನಿಲ್ಲದೆ ನಡೆದೇ ಹೊರಟಳು.